ಎಡಸುತ್ತು ಹೊರಟವನಿಗೆ

ಲೋ ಶುಹೇಯಿ,

ಅಕ್ಕನ ಅಕ್ಷರ ಕಂಡ ತಕ್ಷಣ ಗಾಬರಿಯಾಗಬೇಡ. ಮನೆಯಲ್ಲಿ ಯಾರೂ ಸತ್ತಿಲ್ಲ. ನಿನ್ನ ಭಾವ ಗೊಯಿಚಿ ಎಂದಿನಂತೆ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾ ನನ್ನ ಉದೋನ್ ಶಾವಿಗೆಯ ಅಂಗಡಿಯ ಗಿರಾಕಿಗಳನ್ನು ಓಡಿಸುತ್ತಾ ಇದ್ದಾರಂತೆ. ಯಾತ್ರೆಯ ಮೂವತ್ತೇಳನೆಯ ದೇವಾಲಯದ ಪಕ್ಕದ ಈ ವಸತಿಗೆ ನೀನು ಬಂದೇ ಬರುತ್ತೀಯ ಎಂದು ನಂಬಿ ಇದನ್ನು ಬರೆದು ಯಜಮಾನಿಯ ಕೈಗೆ ಕೊಡುತ್ತಿದ್ದೇನೆ. ಉದ್ದನೆಯ ಆಳು, ಗಿಡ್ಡ ಕೋಲು, ಕೋಲಿನ ತಲೆಗೆ ಕೆಂಪು ಬಟ್ಟೆ ಎಂದು ಗುರುತು ಹೇಳಿದ್ದೇನೆ. ನೀನು ಇದನ್ನು ಓದುತ್ತಿದ್ದೀಯ ಎಂದರೆ ಅಶಿಜುರಿ ತುದಿಯಿಂದ ಇಲ್ಲಿಯವರೆಗೂ ನಡೆದು ಬಂದಿದ್ದೀಯ. ಇದನ್ನು ಬರೆಯುವ ಹೊತ್ತಿಗೆ ನನಗೆ ಅದು ಗೊತ್ತಿಲ್ಲ, ಅದಕ್ಕೇ ಅರ್ಧ ಗಮನ ಕಿಟಕಿಯ ಕಡೆಗೇ ಇದೆ. ಅಕ್ಷರ ಕೆಟ್ಟದಾಗಿದ್ದರೆ ಆಡಿಕೊಳ್ಳಬೇಡ.

ಆ ದಿನ ಬೆಳಿಗ್ಗೆ ನೀನು ತಿಂಡಿಗೆ ಬರಲಿಲ್ಲ. ಈ ಏಳು ತಿಂಗಳಲ್ಲಿ ನೀನು ಸರಿಯಾಗಿ ತಿಂದಿದ್ದೇ ಇಲ್ಲ, ಆದರೂ ಬಂದು ಮೂಲೆಯ ಬೆಂಚಿನ ಮೇಲೆ ಕೂತು ಬಟ್ಟಲನ್ನು ದಿಟ್ಟಿಸಿ ಹೋಗುತ್ತಿದ್ದೆ. ಸಾರು ಆರುತ್ತಿದೆ ಎಂದು ಬೈಯುತ್ತಲೇ ನಿನ್ನ ಮನೆಗೆ ಬಂದೆ. ಮೇಜಿನ ಮೇಲೆ ನಿನ್ನ ಫೋನು, ದೋಣಿಯ ಕೀಲಿಕೈ, ಬ್ರಷ್ ಹಾಕಿ ಒರೆಸಿಟ್ಟ ಕ್ಯಾಪ್ಟನ್ ಟೋಪಿ. ಅಪ್ಪ ಅಮ್ಮನ ಪಟದ ಮುಂದೆ ಊದುಬತ್ತಿ ಉರಿದು ಮುಗಿದಿತ್ತು. ಮೂಲೆಯಲ್ಲಿ ಯಾತ್ರೆಯ ಬಿಳಿ ಅಂಗಿ ತಂದ ಖಾಲಿ ಪೊಟ್ಟಣ ಬಿದ್ದಿತ್ತು. ಪೊಟ್ಟಣ ಎತ್ತಿಕೊಂಡು ಅಲ್ಲೇ ಕೂತುಬಿಟ್ಟೆ ಕಣೋ. ಆ ಅಂಗಿಯನ್ನು ಯಾಕೆ ಬಿಳಿ ಮಾಡಿದ್ದಾರೆ ಎಂದು ಅಜ್ಜಿ ನಮಗೆ ಹೇಳಿಕೊಟ್ಟಿದ್ದಳಲ್ಲ. ದಾರಿಯಲ್ಲಿ ಸತ್ತರೆ ಅದೇ ಹೆಣದ ಬಟ್ಟೆ, ಕೈಲಿರುವ ಕೋಲೇ ಗೋರಿಯ ಕಂಬ.

"ಯಾತ್ರೆಗೆ ಹೋಗಿದಾನೆ ಕಣೇ, ಹೋಗ್ಲಿ ಬಿಡು. ಮನಸ್ಸು ಹಗುರಾಗುತ್ತೆ," ಅಂದರು ನಿನ್ನ ಭಾವ.

"ಫೋನ್ ಬಿಟ್ಟು, ಅಕ್ಕನಿಗೂ ಒಂದು ಮಾತು ಹೇಳದೆ ಹೋಗೋದು ಯಾವ ಸೀಮೆ ಯಾತ್ರೆ ರೀ?"

ಆಗ ಅವರು ತಲೆ ಕೆರೆದುಕೊಂಡರು. ತಲೆ ಕೆರೆದುಕೊಂಡರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಲೆಕ್ಕ. "ಹೋದ ವಾರ ಕೇಳ್ತಿದ್ದ, ಅಶಿಜುರಿ ತುದೀಲಿ ನಿಂತ್ರೆ ಸಮುದ್ರ ಹೆಂಗೆ ಕಾಣುತ್ತೆ ಭಾವ ಅಂತ. ಎಲ್ಲಾ ಕಡೆ ಕಂಡ ಹಾಗೇ, ನೀಲಿಯಾಗಿ ಉಪ್ಪುಪ್ಪಾಗಿ ಅಂತ ಹೇಳ್ದೆ."

ಅಶಿಜುರಿ! ಮೂವತ್ತೆಂಟನೆಯ ದೇವಾಲಯದ ಎದುರಿನ ಆ ಬಂಡೆಯ ತುದಿಗೆ ಬದುಕು ಸಾಕಾದವರು ಬಂದು ನಿಲ್ಲುತ್ತಾರೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮಾತು. ಅಂಥ ಪ್ರಶ್ನೆಗೆ ಈ ಮಹಾನುಭಾವರು ಉಪ್ಪಿನ ಲೆಕ್ಕ ಹೇಳಿ ಕಳಿಸಿದ್ದಾರೆ. ಠಾಣೆಗೆ ಹೋದರೆ, ಐವತ್ತು ದಾಟಿದ ಗಂಡಸು ತಾನಾಗಿಯೇ ದೇವಸ್ಥಾನ ನೋಡಲು ಹೋದರೆ ನಾವೇನು ಮಾಡಲಾಗುತ್ತದೆ ಎಂದು ಚಹಾ ಕೊಟ್ಟು ಕಳಿಸಿದರು. ನಾನು ಅಂಗಡಿಯನ್ನು ನಿನ್ನ ಭಾವನಿಗೆ ಒಪ್ಪಿಸಿ, ಬೆನ್ನಿಗೊಂದು ಚೀಲ ಏರಿಸಿ ಹೊರಟೇಬಿಟ್ಟೆ.

ಹೊರಡುವಾಗ ನಾನು ಬಹಳ ಜಾಣೆ ಎಂದುಕೊಂಡಿದ್ದೆ. ಶಿಕೋಕು ದ್ವೀಪದ ಎಂಬತ್ತೆಂಟು ದೇವಾಲಯಗಳನ್ನು ಎಲ್ಲರೂ ಬಲಸುತ್ತೇ ತಾನೇ ಸುತ್ತುವುದು. ನಮ್ಮೂರಿನ ಐವತ್ತನಾಲ್ಕರಿಂದ ನೀನು ಹೊರಟರೆ ಐವತ್ತೈದು, ಐವತ್ತಾರು ಎಂದು ಏರುತ್ತಾ ಎಂಬತ್ತೆಂಟು ಮುಟ್ಟಿ, ಮತ್ತೆ ಒಂದರಿಂದ ಹಿಡಿದು ದ್ವೀಪದ ಆ ಮಗ್ಗುಲನ್ನೆಲ್ಲ ಬಳಸಿ, ಮೂವತ್ತೆಂಟಕ್ಕೆ ಬರಲು ತಿಂಗಳ ಮೇಲೆ ಬೇಕು. ನಾನು ಎಡಸುತ್ತು ಹೊರಟರೆ ತುದಿಗೆ ಮೊದಲು ಮುಟ್ಟುವವಳು ನಾನೇ. ಅದನ್ನು ದಾಟಿ ಎಲ್ಲೋ ಒಂದು ಕಡೆ ನೀನು ನನಗೆ ಎದುರಾಗಲೇಬೇಕು. ಅಜ್ಜಿ ಹೇಳುತ್ತಿದ್ದ ಕಥೆಯೂ ಹಾಗೇ ಅಲ್ಲವೇ? ಈ ಯಾತ್ರೆಯನ್ನು ಹುಟ್ಟುಹಾಕಿದ ಗುರುಗಳನ್ನು ಬೈದು ಅಟ್ಟಿದ ಸಾಹುಕಾರ, ಕ್ಷಮೆ ಕೇಳಲು ಅವರ ಹಿಂದೆ ಎಷ್ಟು ಸುತ್ತಿದರೂ ಸಿಗಲಿಲ್ಲ. ಕೊನೆಗೆ ತಿರುಗಿ ಎಡಸುತ್ತು ನಡೆದಾಗ ಎದುರಿಗೆ ಸಿಕ್ಕಿದರು. ಹಾಗಾಗಿ ಅವಸರವೇ ಬೇಡ, ಒಂದು ಮುಖವನ್ನೂ ಬಿಡದೆ ನೋಡಿಕೊಂಡು ಹೋದರೆ ಸಾಕು ಎಂದುಕೊಂಡೆ.

ಎಂಥ ನೋಟ ಮಾರಾಯ! ಎಲ್ಲರಿಗೂ ಬಿಳಿ ಅಂಗಿ, ಎಲ್ಲರಿಗೂ ಗದ್ದದವರೆಗೆ ಇಳಿಬಿದ್ದ ಹುಲ್ಲಿನ ಟೋಪಿ. ಎದುರು ಬಂದ ಗಂಡಸರ ಟೋಪಿಯ ಕೆಳಗೆ ಬಗ್ಗಿ ಬಗ್ಗಿ ಇಣುಕಿದೆ. ಒಬ್ಬ ಮುದುಕ, "ಏನಮ್ಮಾ, ಗಂಡ ಕಳೆದುಹೋದ್ನಾ?" ಎಂದು ನಕ್ಕ.

"ಗಂಡ ಆಗಿದ್ರೆ ಇಷ್ಟು ದೂರ ಹುಡುಕ್ತಿದ್ನಾ? ತಮ್ಮ ಕಳೆದುಹೋಗಿದಾನೆ," ಅಂದೆ. ಅವನು ನಗು ನಿಲ್ಲಿಸಿ ಕೈ ಮುಗಿದ.

ನಲವತ್ತೈದನೆಯ ದೇವಾಲಯದ ಬಂಡೆಗೋಡೆಯ ದಾರಿಯನ್ನು ಮಂಡಿ ಹಿಡಿದುಕೊಂಡು ಹತ್ತಿದೆ. ಪ್ರತಿ ದೇವಾಲಯದ ಗಂಟೆ ಹೊಡೆದೆ, ಪ್ರತಿ ಕಚೇರಿಯಲ್ಲೂ ನಿನ್ನ ಚಹರೆ ಹೇಳಿದೆ. ಕಾಡಿನೊಳಗೆ ಅಕ್ಕಪಕ್ಕದಲ್ಲಿ ನೀರು ಬಿದ್ದ ಸದ್ದಾದರೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಎದುರು ಬರುವವರು ಅಲ್ಲೊಬ್ಬರು ಇಲ್ಲೊಬ್ಬರು, ನನ್ನನ್ನು ಹಿಂದೆ ಹಾಕಿ ಹೋಗುವವರೇ ಹೆಚ್ಚು ಎಂಬುದು ಕಣ್ಣಿಗೆ ಬಿದ್ದಿತ್ತು. ಆದರೂ ಈ ಮೊದ್ದು ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಓಝು ಊರಿನ ಸೇತುವೆಯ ಕೆಳಗೆ. ಅಲ್ಲಿ ಗುರುಗಳು ಹಸಿದು ಚಳಿಯಲ್ಲಿ ರಾತ್ರಿ ಕಳೆದ ಜಾಗ ಗೊತ್ತಲ್ಲ. ಕಲ್ಲಿನ ಗುರುಗಳು ಮಲಗಿದ್ದಾರೆ, ಮೇಲೆ ಭಕ್ತರು ಹೊದಿಸಿದ ರಜಾಯಿಗಳು. ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ಹಳೆಯ ರಜಾಯಿ ತೆಗೆದು ಬಿಸಿಲಲ್ಲಿ ಒಣಗಿದ್ದನ್ನು ಹೊದಿಸುತ್ತಿದ್ದಳು. ನನ್ನನ್ನು ಕೂರಿಸಿ ಕೈಗೆ ಕಿತ್ತಳೆ ಕೊಟ್ಟಳು.

"ನೀವೂ ಎಡಸುತ್ತಾ ಅಕ್ಕಾ?"

"ನಾನು ಸುತ್ತೋಕೆ ಬಂದಿಲ್ಲಮ್ಮ. ತಮ್ಮನ್ನ ಹುಡುಕ್ತಿದೀನಿ. ಅವನು ಬಲಸುತ್ತು ಬರ್ತಾನೆ, ಎದುರು ಸಿಕ್ತಾನೆ ಅಂತ ಹೊರಟೆ."

ಅವಳು ಬಾಯಿಗೆ ಸೆರಗಿನಂತೆ ಟವೆಲು ಅಡ್ಡ ಹಿಡಿದು ನಕ್ಕಳು. "ಈ ವರ್ಷ ಬಲಸುತ್ತು ಯಾರು ಬರ್ತಾರೆ? ಫೆಬ್ರವರೀಲಿ ಇಪ್ಪತ್ತೊಂಬತ್ತು ಬಂದ ವರ್ಷ ಅಲ್ವಾ! ಎಡಸುತ್ತು ನಡೆದ್ರೆ ಮೂರು ಪಟ್ಟು ಪುಣ್ಯ ಅಂತ ಊರಿಗೂರೇ ತಿರುಗಿ ನಡೀತಿದೆ."

ಬಿಡಿಸಿದ ಕಿತ್ತಳೆ ಕೈಯಲ್ಲೇ ಉಳಿಯಿತು. ನಾಲ್ಕು ವರ್ಷಕ್ಕೊಮ್ಮೆ ಅಜ್ಜಿ ಈ ಮಾತನ್ನೇ ಹೇಳಿಕೊಂಡು ಕುಣಿಯುತ್ತಿದ್ದಳು. ಅವಳ ಮೊಮ್ಮಗಳು ನಾನು, ವರ್ಷವನ್ನೇ ಮರೆತಿದ್ದೆ. ನೀನು ಎದುರಿನಿಂದ ಬರುತ್ತಿರಲಿಲ್ಲ ಶುಹೇಯಿ, ನನ್ನ ಮುಂದೆಯೇ ನಡೆಯುತ್ತಿದ್ದೆ. ನಾನು ದಾರಿಹೋಕರ ಟೋಪಿಯೊಳಗೆ ಇಣುಕುತ್ತಾ ಕಾಲ ಕಳೆಯುತ್ತಿದ್ದಾಗ ನೀನು ನೆಟ್ಟಗೆ ತುದಿಯ ಕಡೆಗೆ ಹೋಗುತ್ತಿದ್ದೆ.

"ಎತ್ತರದ ಆಳು, ಮಾತೇ ಆಡಲ್ಲ, ಎಡಹುಬ್ಬಿನ ಮೇಲೆ ಗಾಯದ ಗುರುತು. ಬಂದಿದ್ನಾ?" ಎಂದು ಅವಳ ತೋಳು ಹಿಡಿದುಕೊಂಡೆ.

"ಕೆಂಪು ಬಟ್ಟೆ ಕೋಲಿನವ್ರಾ? ಬಂದಿದ್ರು. ಅಷ್ಟುದ್ದ ಆಳಿಗೆ ಅಷ್ಟು ಗಿಡ್ಡ ಕೋಲು, ನೋಡಿದ್ರೆ ಪಾಪ ಅನ್ನಿಸ್ತು. ಕೆಳಗೆ ಮಲಗಿರೋ ಗುರುಗಳಿಗೆ ಎಚ್ಚರ ಆಗ್ಬಾರ್ದು, ಸೇತುವೆ ಮೇಲೆ ಕೋಲು ಊರಬಾರ್ದು ಅಂತ ಎಲ್ರೂ ಎತ್ತಿ ಹಿಡೀತಾರೆ, ಅವರು ಮಗೂನ ಎತ್ಕೊಂಡ ಹಾಗೆ ಎದೆಗವಚಿಕೊಂಡು ದಾಟಿದ್ರು. ಕಿತ್ತಳೆ ಕೊಟ್ರೆ ತಿನ್ಲಿಲ್ಲ, ಚೀಲಕ್ಕೆ ಹಾಕ್ಕೊಂಡ್ರು. ತುದಿಗೆ ಇಲ್ಲಿಂದ ಎಷ್ಟು ದಿನ ಅಂತ ಅದೊಂದೇ ಕೇಳಿದ್ದು."

"ಯಾವತ್ತು?"

"ಹೋದ ವಾರ ಇದೇ ದಿನ. ಹೆಚ್ಚು ಕಮ್ಮಿ ಇವತ್ತು ಮುಟ್ಟಿರ್ತಾರೆ."

ಕೆಂಪು ಬಟ್ಟೆ ಎಂದಾಗಲೇ ನನಗೆ ಎಲ್ಲ ತಿಳಿಯಿತು. ಅದು ತೊಮಿಯೆ ಅಜ್ಜಿಯ ಕೋಲು. ಏಳು ತಿಂಗಳ ಹಿಂದೆ, ಆ ದಿನ ನಿನ್ನ ದೋಣಿ ಹತ್ತುವ ಮುಂಚೆ ಅವರು ನನ್ನ ಅಂಗಡಿಯಲ್ಲೇ ಉದೋನ್ ತಿಂದಿದ್ದರು. ಎಂಬತ್ತೆಂಟರಿಂದ ಹೊರಟು ಎಡಸುತ್ತಿನಲ್ಲಿ ನಮ್ಮೂರಿನವರೆಗೆ ಬಂದಿದ್ದರು. "ದಾರಿ ತೋರಿಸೋ ಬಾಣದ ಗುರುತೆಲ್ಲ ಎದುರು ಬರೋರಿಗೇ ಕಣಮ್ಮ, ನಮ್ಮಂಥ ಎಡಸುತ್ತಿನೋರು ಹಿಂದೆ ತಿರುಗಿ ತಿರುಗಿ ಕತ್ತು ನೋವು," ಎಂದು ನಕ್ಕಿದ್ದರು. ಎದುರಿನ ದ್ವೀಪದ ತಂಗಿಯನ್ನು ನೋಡಿಕೊಂಡು ಬಂದು ಮುಂದೆ ಹೋಗುತ್ತೇನೆ ಎಂದಿದ್ದರು. ಆ ದ್ವೀಪದಲ್ಲಿ ಇಳಿಯುವಾಗ ನೀನು, "ಕೋಲು ಇತ್ಲಾಗೆ ಕೊಡಿ ಅಜ್ಜಿ, ನನ್ನ ಕೈ ಹಿಡ್ಕೊಳ್ಳಿ," ಎಂದೆ. ಕೋಲು ಕೊಟ್ಟರು, ಕೈ ಚಾಚಿದರು. ಅಷ್ಟರಲ್ಲಿ ಯಾವುದೋ ದೊಡ್ಡ ಹಡಗಿನ ಅಲೆ ಬಂದು ದೋಣಿ ಹಾರಿತು. ಕೋಲು ನಿನ್ನ ಕೈಯಲ್ಲಿ ಉಳಿಯಿತು, ಅವರು ಕಟ್ಟೆಗೂ ದೋಣಿಗೂ ನಡುವೆ ಹೋದರು. ನೀನೂ ಅವರ ಹಿಂದೆಯೇ ಹಾರಿದೆ, ಹುಬ್ಬು ಒಡೆದುಕೊಂಡೆ, ಪ್ರಯೋಜನವಾಗಲಿಲ್ಲ. ವಿಚಾರಣೆಯವರು ನಿನ್ನದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟರು. ನೀನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ಅಜ್ಜಿಯ ಮಗಳು ಬಂದು ಸಾಮಾನು ಕಟ್ಟಿಕೊಂಡಾಗ ನೀನು ಎರಡೂ ಕೈಯಲ್ಲಿ ಆ ಕೋಲು ಒಪ್ಪಿಸಲು ಹೋದೆ. ಅವಳು ನಿನ್ನ ಮುಖ ನೋಡಿ, "ಅದು ನಿಮ್ಮ ಹತ್ರಾನೇ ಇರ್ಲಿ," ಎಂದು ಹೋದಳು. ಎಂಥ ವಿಷದ ನಾಲಿಗೆ ಎಂದು ನಾನು ರಾತ್ರಿಯೆಲ್ಲ ಅವಳನ್ನು ಶಪಿಸಿದೆ. ನೀನು ಮಾತ್ರ ಅದನ್ನು ಮನೆಯಲ್ಲಿ ದೇವರ ಪಕ್ಕ ನಿಲ್ಲಿಸಿದೆ. ನೀನು ಹೊರಟ ಬೆಳಿಗ್ಗೆ ಅದು ಅಲ್ಲಿಲ್ಲದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸೇತುವೆಯ ಕೆಳಗೆ ಕೂತಾಗ ನನಗೆ ಎರಡು ಯೋಚನೆ ಒಟ್ಟಿಗೇ ಬಂದವು. ತೊಮಿಯೆ ಅಜ್ಜಿ ನಿಲ್ಲಿಸಿದ ಕಡೆಯಿಂದ ಅವರ ಸುತ್ತನ್ನು ನೀನು ಮುಗಿಸಲು ಹೊರಟಿದ್ದೀಯ ಎಂಬುದು ಒಂದು. ಆ ಕೋಲನ್ನು ಸಮುದ್ರದಲ್ಲಿ ಅವರಿಗೇ ಒಪ್ಪಿಸಲು, ಜೊತೆಗೆ ನೀನೂ ಹೋಗಲು ಹೊರಟಿದ್ದೀಯ ಎಂಬುದು ಇನ್ನೊಂದು. ಯಾವುದು ನಿಜ ಎಂದು ತಿಳಿಯಲು ತುದಿಗೇ ಹೋಗಬೇಕಿತ್ತು.

ಮುಂದಿನದನ್ನು ಹೇಗೆ ಬರೆಯಲಿ? ರೈಲು, ಬಸ್ಸು, ರಾತ್ರಿ ನಿಲ್ದಾಣದ ಬೆಂಚು, ಮತ್ತೆ ಬಸ್ಸು. ಕಡಲಂಚಿನ ತಿರುವುಗಳಲ್ಲಿ ಆ ಚಾಲಕ ಪುಣ್ಯಾತ್ಮ ಮದುಮಗಳನ್ನು ಕರೆದೊಯ್ಯುವ ಹಾಗೆ ನಿಧಾನ ಹೋಗುತ್ತಿದ್ದ. "ಸ್ವಲ್ಪ ಬೇಗ ಹೋಗಪ್ಪಾ," ಎಂದು ಕೂಗಿದೆ. "ಬೇಗ ಹೋದ್ರೆ ಸಮುದ್ರಕ್ಕೇ ಹೋಗ್ತೀವಿ ಅಜ್ಜಿ," ಅಂದ. ನನಗೆ ಅಜ್ಜಿ ಅನ್ನುತ್ತಾನೆ! ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಕಿಟಕಿಯಾಚೆ ಪ್ರತಿ ಬಂಡೆಯ ಮೇಲೂ ಬಿಳಿ ಬಟ್ಟೆ ಕಂಡಂತಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಯಾರೋ, ಮೊನ್ನೆಯೂ ಒಂದು ಜೀವ ಹೋಯಿತಂತೆ ಎಂದು ಮಾತಾಡಿಕೊಂಡರು. ತಿರುಗಿ ಗಂಡಸೋ ಹೆಂಗಸೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಇಳಿದವಳೇ ದೇವಾಲಯಕ್ಕೂ ಹೋಗದೆ ಕಮೇಲಿಯಾ ಮರಗಳ ಸುರಂಗದಂಥ ದಾರಿಯಲ್ಲಿ ಓಡಿದೆ. ಮರಗಳು ಮುಗಿಯುವಲ್ಲಿ ಕಟಕಟೆ, ಅದರಾಚೆ ಬರೀ ಸಮುದ್ರ. ಕಟಕಟೆಗೆ ಅಂಟಿಕೊಂಡು ನೀನು ನಿಂತಿದ್ದೆ.

ಹೌದು ಶುಹೇಯಿ. ನಾನು ಅಲ್ಲಿದ್ದೆ. ಅಲ್ಲಿ ನೀನು ಒಬ್ಬನೇ ಇದ್ದೆ ಎಂದುಕೊಂಡಿರುತ್ತೀಯ. ನಿನ್ನ ಬೆನ್ನ ಹಿಂದೆ, ಕಲ್ಲೆಸೆದರೆ ತಾಗುವಷ್ಟು ದೂರದಲ್ಲಿ, ಮರವನ್ನು ಅಪ್ಪಿ ಹಿಡಿದುಕೊಂಡು ನಿನ್ನ ಅಕ್ಕ ನಿಂತಿದ್ದಳು. ಕೂಗಲು ಬಾಯಿ ತೆರೆದವಳು ಮತ್ತೆ ಮುಚ್ಚಿದೆ.   ಬೆಚ್ಚಿಬಿದ್ದರೆ? ನನ್ನ ಮುಖ ಕಂಡು ನಾಚಿಕೆಯಿಂದಲೇ ಏನಾದರೂ ಮಾಡಿಕೊಂಡರೆ? ಓಡಿ ಬಂದು ಅಂಗಿ ಹಿಡಿದೆಳೆಯೋಣ ಎಂದರೆ ನನ್ನ ಹೆಜ್ಜೆಯ ಸದ್ದೇ ನಿನ್ನನ್ನು ಆಚೆ ತಳ್ಳೀತು ಎಂಬ ಭಯ. ನೀನು ಆ ಗಿಡ್ಡ ಕೋಲನ್ನು ಎತ್ತಿ ಕಟಕಟೆಯಾಚೆ ಚಾಚಿದೆ. ಕೆಂಪು ಬಟ್ಟೆ ಗಾಳಿಗೆ ಹಾರುತ್ತಿತ್ತು. ನಿನ್ನ ಬೆನ್ನು ಮುಂದಕ್ಕೆ ಬಾಗುತ್ತಲೇ ಹೋಯಿತು. ನಾನು ಗುರುಗಳನ್ನು ಬೈದೆ, ಅಪ್ಪ ಅಮ್ಮನನ್ನು ಬೈದೆ, ತೊಮಿಯೆ ಅಜ್ಜಿಗೆ ಕೈ ಮುಗಿದು, ಇವನನ್ನು ಕರೀಬೇಡಿ ತಾಯಿ, ನನಗಿರುವ ತಮ್ಮ ಇವನೊಬ್ಬನೇ ಎಂದು ಬೇಡಿಕೊಂಡೆ.

ಆಗ ಆ ಹುಡುಗ ಹುಡುಗಿ ಬಂದರು. ಹೊಸದಾಗಿ ಮದುವೆಯಾದವರಿರಬೇಕು, ಲೋಕದ ಪರಿವೆಯೇ ಇಲ್ಲದೆ ಕಿಲಕಿಲ ನಗುತ್ತಿದ್ದರು. "ಅಂಕಲ್, ಒಂದು ಫೋಟೋ ತೆಗೀತೀರಾ, ಪ್ಲೀಸ್? ಹಿಂದೆ ಸಮುದ್ರ ಪೂರ್ತಿ ಬರ್ಬೇಕು," ಎಂದು ಹುಡುಗ ನಿನಗೆ ಫೋನು ಚಾಚಿದ. ನೀನು ನಿದ್ದೆಯಿಂದ ಎದ್ದವನಂತೆ ಅವನನ್ನು ನೋಡಿದೆ. ಕೋಲನ್ನು ಒಳಗೆಳೆದು ಕಟಕಟೆಗೆ ಒರಗಿಸಿದೆ. ಹುಡುಗಿ ಚಂದ ಬರಲೆಂದು ಕಟಕಟೆಯ ಕೆಳಗಿನ ಕಂಬಿಯ ಮೇಲೆ ಹತ್ತಿ ನಿಂತಳು.

"ಇಳಿಯಮ್ಮಾ ಕೆಳಗೆ!"

ಏಳು ತಿಂಗಳಲ್ಲಿ ನಾನು ಕೇಳದೇ ಇದ್ದ ದನಿ ಅದು. ದೋಣಿಯ ಮೇಲಿಂದ ಇಡೀ ಬಂದರಿಗೆ ಕೇಳುವಂತೆ ಕೂಗುತ್ತಿದ್ದ ನನ್ನ ತಮ್ಮನ ದನಿ. "ಒಂದು ಹೆಜ್ಜೆ ಈ ಕಡೆ ಬನ್ನಿ. ಇನ್ನೊಂದು. ಅವಳ ಕೈ ಹಿಡ್ಕೋಪ್ಪಾ, ಗಟ್ಟಿಯಾಗಿ ಹಿಡ್ಕೋ. ಫೋಟೋ ಮುಗಿದ ಮೇಲೂ ಬಿಡಬೇಡ."

ಹುಡುಗ ಬೆಪ್ಪಾಗಿ ಕೈ ಹಿಡಿದುಕೊಂಡ. ನೀನು ಫೋಟೋ ತೆಗೆದುಕೊಟ್ಟೆ. ಅವರು ಬಗ್ಗಿ ವಂದಿಸಿ, ಕೈ ಬಿಡದೆಯೇ, ನನ್ನ ಪಕ್ಕದಲ್ಲೇ ಹಾದುಹೋದರು. ನೀನು ಅವರು ಮರೆಯಾಗುವವರೆಗೆ ನೋಡುತ್ತಿದ್ದು, ಆಮೇಲೆ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತೆ. ಅಮ್ಮ ಸತ್ತಾಗಲೂ ನೀನು ಹಾಗೆ ಅತ್ತಿರಲಿಲ್ಲ. ಮರದ ಹಿಂದೆ ನಾನೂ ಅತ್ತೆ, ಸದ್ದು ಕೇಳಬಾರದೆಂದು ಟವೆಲು ಕಚ್ಚಿಕೊಂಡು.

ಅತ್ತು ಮುಗಿದ ಮೇಲೆ ನೀನು ಚೀಲದಿಂದ ಕಿತ್ತಳೆ ತೆಗೆದು ಪೂರ್ತಿ ತಿಂದೆ. ಎದ್ದು ದೇವಾಲಯದ ಕಡೆ ನಡೆದೆ. ನಾನು ಕಳ್ಳಿಯಂತೆ ಹಿಂದೆ ಬಂದೆ. ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೀನು ಕೋಲಿನ ಕಾಲು ತೊಳೆಯತೊಡಗಿದೆ. ಸವೆದು ಕುಂಚದಂತೆ ಬಿಚ್ಚಿಕೊಂಡಿದ್ದ ಅದರ ತುದಿಯಿಂದ ಮಣ್ಣನ್ನೆಲ್ಲ ಬೆರಳಲ್ಲಿ ತೆಗೆದು, ನಿನ್ನ ಮುಖ ಒರೆಸಿಕೊಳ್ಳುವ ಟವೆಲಿನಲ್ಲೇ ಅದನ್ನು ಒರೆಸಿದೆ. ದಿನದ ನಡಿಗೆ ಮುಗಿದಾಗ ತನ್ನ ಕಾಲಿಗಿಂತ ಮೊದಲು ಕೋಲಿನ ಕಾಲು ತೊಳೆಯಬೇಕು, ಕೋಲು ಎಂದರೆ ಜೊತೆಯಲ್ಲಿ ನಡೆಯುವ ಗುರುಗಳೇ ಎಂದು ಅಜ್ಜಿ ಕಲಿಸಿದ್ದಳು. ನಾಳೆ ನಡೆಯುವವನು ಮಾತ್ರ ಇವತ್ತು ಕೋಲು ತೊಳೆಯುತ್ತಾನೆ ತಾನೇ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಈಗಲೂ ಹೇಳಿಕೊಳ್ಳುತ್ತಿದ್ದೇನೆ.

ಅಲ್ಲೇ ಕೂಗಬಹುದಿತ್ತು. ನಾಲ್ಕು ಹೆಜ್ಜೆ ಇಟ್ಟಿದ್ದರೆ ನಿನ್ನ ತಲೆ ನನ್ನ ಕೈಗೆ ಸಿಗುತ್ತಿತ್ತು. ಆದರೆ ಅಕ್ಕ ಎಂದು ಕಂಡ ತಕ್ಷಣ ನೀನು ಮತ್ತೆ ಚಿಕ್ಕವನಾಗಿ, ನಾನು ಹೇಳಿದ ಬಸ್ಸು ಹತ್ತಿ, ನಾನು ಕೊಟ್ಟ ಬಟ್ಟಲಿನ ಮುಂದೆ ಬಂದು ಕೂತುಬಿಡುತ್ತಿದ್ದೆ. ಮತ್ತೆ ಸಾರು ಆರುತ್ತಿತ್ತು. ತೊಮಿಯೆ ಅಜ್ಜಿಯ ಸುತ್ತು ಆ ತುದಿಯಲ್ಲೇ ನಿಂತುಬಿಡುತ್ತಿತ್ತು. ಅದಕ್ಕೇ ನಾನು ತಿರುಗಿ ಬಸ್ಸಿನ ಕಡೆ ನಡೆದೆ. ಇಷ್ಟು ದೂರ ಹುಡುಕಿಕೊಂಡು ಬಂದು, ಸಿಕ್ಕಿದವನನ್ನು ಬಿಟ್ಟು ಬಂದೆ. ಮಾಡಿದ್ದು ಸರಿಯೋ ತಪ್ಪೋ, ಹಾಳಾದ್ದು, ನನಗೆ ಗೊತ್ತಿಲ್ಲ. ತುದಿಯಿಂದ ಇಲ್ಲಿಗೆ ಬರುವ ದಾರಿಯ ಅರ್ಧ ಸಮುದ್ರದ ಪಕ್ಕದಲ್ಲೇ ಇದೆ ಎಂದು ರೈಲಿನ ಕಿಟಕಿಯಿಂದ ನೋಡಿದಾಗಿನಿಂದ ಒಂದು ತುತ್ತೂ ತಿಂದಿಲ್ಲ.

ಕಾಗದ ಓದಿದ ಕೂಡಲೇ ಯಜಮಾನಿಯ ಫೋನಿನಿಂದ ಅಂಗಡಿಗೆ ಫೋನು ಮಾಡು. ಮಾತಾಡಬೇಕೆಂದಿಲ್ಲ. ಎತ್ತಿದವರಿಗೆ ಉಸಿರಿನ ಸದ್ದು ಕೇಳಿದರೆ ಸಾಕು, ನೀನೇ ಎಂದು ತಿಳಿಯುತ್ತದೆ. ಇದರ ಜೊತೆ ಎರಡು ಜೊತೆ ಕಾಲುಚೀಲ ಇಟ್ಟಿದ್ದೇನೆ, ಒದ್ದೆಯಾದದ್ದನ್ನೇ ಹಾಕಿಕೊಂಡು ನಡೆಯಬೇಡ. ಗಿಡ್ಡ ಕೋಲು ಊರಿ ಊರಿ ಸೊಂಟ ಹಿಡಿದುಕೊಂಡರೆ ನೀಲಗಿರಿ ಎಣ್ಣೆ ತಿಕ್ಕಿಕೋ, ಅದನ್ನೂ ಇಟ್ಟಿದ್ದೇನೆ. ಒಂದನೆಯ ದೇವಾಲಯ ಮುಟ್ಟಿದ ಮೇಲೆ ಆ ಅಜ್ಜಿಯ ಮಗಳಿಗೆ ಹೇಳಿ ಕಳಿಸು, ಸುತ್ತು ಮುಗಿಯಿತೆಂದು. ಅವಳು ಅಂದದ್ದು ವಿಷವಾಗಿತ್ತೋ ಪ್ರಸಾದವಾಗಿತ್ತೋ ಅವಳೇ ಹೇಳಲಿ.

ನಿನ್ನ ಟೋಪಿಯ ಮೇಲೆ "ಇಬ್ಬರೂ ಜೊತೆಯಾಗಿ" ಎಂದು ಬರೆದಿದೆಯಲ್ಲ, ಒಬ್ಬ ನೀನು, ಇನ್ನೊಬ್ಬರು ಗುರುಗಳು ಎಂದು. ಆ ತುದಿಯಲ್ಲಿ ಗುರುಗಳು ಇದ್ದರೋ ಇಲ್ಲವೋ ನಾನು ಕಾಣೆ. ಅಕ್ಕ ಇದ್ದಳು. ಅದನ್ನು ತಿಳಿಸಲೆಂದೇ ಇಷ್ಟೆಲ್ಲ ಬರೆದೆ.

ನಾನು ಊರು ಮುಟ್ಟಿದ ದಿನದಿಂದ ಅಂಗಡಿಯ ಬಾಗಿಲಲ್ಲಿ ಬಕೆಟ್ಟಿನಲ್ಲಿ ನೀರು ತುಂಬಿಟ್ಟಿರುತ್ತೇನೆ. ಬಂದಾಗ ಮೊದಲು ಕೋಲಿನ ಕಾಲು ತೊಳಿ, ಆಮೇಲೆ ನಿನ್ನದು. ಆಮೇಲೆ ಒಳಗೆ ಬಾ, ಸಾರು ಬಿಸಿಯಾಗಿರುತ್ತದೆ.

ಸೇತುವೆಗಳ ಮೇಲೆ ಕೋಲು ಎತ್ತಿಕೊಂಡು ನಡಿ, ಕಂದಾ. ನೂರು ವರ್ಷ ಬಾಳು.

ನಿನ್ನ ಹಿಂದೆಯೇ ಇರುವ,
ಅಕ್ಕ ಮಿಸಾವೊ